ಊದೋದಷ್ಟೇ, ಹೀರೋ ಹಂಗಿಲ್ಲ

ಹೊಂಗನೂರು
ಬುಧವಾರ, ತಾ. ೧೩ನೇ ನವೆಂಬರ್ ೧೯೧೨

ಪ್ರೀತಿಯ ಅವ್ವಾ,

ನಿನ್ನ ಮಗ ಮರಿಯಪ್ಪ ಮಾಡುವ ನಮಸ್ಕಾರ. ನಿನ್ನ ಮಂಡಿನೋವು ಹೆಂಗೈತೆ? ಬಾಣಂತಿ ಯಲ್ಲಮ್ಮಕ್ಕ, ಕೂಸು ಚೆನ್ನಾಗವ್ರಾ? ಸೋಲೂರಿನ ಚಳೀಲಿ ತಣ್ಣೀರಿಗೆ ಕೈ ಹಾಕಬೇಡ. ಭಾವ ಈ ಕಾಗದ ಓದಿ ಹೇಳೋವಾಗ ನಗ್ತಾರೆ. ನಗಲಿ ಬುಡು, ನನಗಂತೂ ಊಟ ಸೇರ್ತಿಲ್ಲ.

ಚನ್ನಪಟ್ಟಣದಲ್ಲಿ ಬೊಂಬೆ ಮಾಡೋ ಮಕ್ಬೂಲ್ ಬೆಂಗಳೂರಿನ ಸೋಲ್ಜರ್‌ಗಳ ದಂಡಿನಿಂದ ತಂದುಕೊಟ್ಟ ಬಾಯಿಬಾಜಾ, ಅದೇ ಆ ಮೌತ್ ಆರ್ಗನ್, ನಿನಗೆ ಗೊತ್ತಲ್ಲ. ಈ ಶನಿವಾರ ಕೆಂಗಲ್ ಆಂಜನೇಯನ ಮುಂದೆ ಭಜನೇಲಿ ಅದನ್ನ ನುಡಿಸ್ತೀನಿ ಅಂದೆ. ಅಪ್ಪ ಕೆಂಡವಾದ. "ನಾಗಸ್ವರ ಊದೋದು ಕಣ್ಲಾ. ಇದ್ರಲ್ಲಿ ಊದೋದೂ ಐತೆ, ಹೀರೋದೂ ಐತೆ. ಹೀರಿದ್ರೆ ಎಂಜಲು. ದೇವರ ಮುಂದೆ ಎಂಜಲು ನಡೆಯಾಕಿಲ್ಲ" ಅಂದ. ಭಜನೆಗೆ ಅಪ್ಪನೇ ಯಜಮಾನ, ತಾಳಕ್ಕೆ ಚರ್ಮದ ದಮ್ಮಡಿ ಬಡಿಯೋನೂ ಅವನೇ. ಎದುರಾಡೋರು ಯಾರು?

ಅವ್ವಾ, ಆ ಹಾಳು ಬಾಜಾದಲ್ಲಿ ಊದಿದ್ರೆ ಒಂದು ಸ್ವರ, ಅದೇ ತೂತಲ್ಲಿ ಉಸಿರು ಎಳ್ಕೊಂಡ್ರೆ ಇನ್ನೊಂದು. ಹೀರಬೇಡ ಅಂದ್ರೆ ಅರ್ಧ ಹಾಡೇ ಹೋಯ್ತು. ಹಠಕ್ಕೆ ಬಿದ್ದು ಕಣದಲ್ಲಿ ಕೂತು ಊದೋ ಸ್ವರಗಳನ್ನ ಮಾತ್ರ ನುಡಿಸಿದೆ. ಹೀರೋ ಸ್ವರದ ಜಾಗ ಬಂದಾಗೆಲ್ಲ ಬಾಜಾ ಬಾಯಿಂದ ತೆಗೆದು ತೊಡೆ ತಟ್ಟಿದೆ. ಏನು ಹೇಳ್ಲಿ! ಕುಂಟ್ತದೆ ಅಂದ್ಕೊಂಡಿದ್ದ ಹಾಡು ಕುಣಿಯೋಕೆ ಶುರುಮಾಡ್ತು. ಮಕ್ಬೂಲ್ ಕೇಳಿ, "ದಂಡಲ್ಲೂ ಇಂಥದ್ದು ಕೇಳಿಲ್ಲ, ಇದು ನಿಂದೇ ಕಣ್ಲಾ" ಅಂದ. ಹಿಗ್ಗಿಹೋದೆ.

ಆದ್ರೆ ತೊಡೆ ತಟ್ಟಿದ್ದು ಗುಡೀಲಿ ಯಾರಿಗೆ ಕೇಳ್ತದೆ? ಆ ಜಾಗಕ್ಕೆ ಅಪ್ಪನ ದಮ್ಮಡೀನೇ ಬೇಕು. ನೆನ್ನೆ ಅಪ್ಪನ ಮುಂದೆ ನುಡಿಸಿದೆ. ಹಾಡು ಮುಗಿದಿದ್ದೇ ತಡ, ರೇಷ್ಮೆ ಹುಳಕ್ಕೆ ಸೊಪ್ಪು ಹಾಕೋಕೆ ಎದ್ದೋದ. ಶನಿವಾರ ಅವನು ಕೈ ಕಟ್ಟಿ ಕೂತುಬುಟ್ರೆ ಅಷ್ಟು ಜನದ ಮುಂದೆ ನನ್ನ ಹಾಡು ತೂತುಬಿದ್ದ ಜರಡಿ. ಭಯವಾಗ್ತೈತೆ ಅವ್ವಾ. ನೀನಿದ್ದಿದ್ರೆ ಅವನ ಬಾಯಿ ಬಿಡಿಸ್ತಿದ್ದೆ. ಈ ಕಾಗದ ಮುಟ್ಟೋ ಹೊತ್ತಿಗೆ ಶನಿವಾರ ಮುಗಿದಿರ್ತದೋ ಏನೋ, ಆದ್ರೂ ಹನುಮಪ್ಪನಿಗೆ ಒಸಿ ಕೈ ಮುಗಿ.

ಭಾವನಿಗೆ, ಅಕ್ಕನಿಗೆ ನಮಸ್ಕಾರ. ಕೂಸಿಗೆ ಮುತ್ತು.

ನಿನ್ನ ಮಗ
ಮರಿಯಪ್ಪ

ಮತ್ತೆ: ಅವ್ವಾ, ಕಾಗದ ಮಡಿಸೋದ್ರೊಳಗೆ ಅಪ್ಪ ಕೂಗಿದ. ಚರ್ಮ ಬಿಗಿಯಾಗ್ಲಿ ಅಂತ ಒಲೆ ಮುಂದೆ ದಮ್ಮಡಿ ಕಾಯಿಸ್ತಾ ಕೂತವ್ನೆ. "ಬಾಜಾ ತಕ್ಕೊಂಡು ಬಾರ್ಲಾ. ನೀನು ಹೀರ್ದೆ ಬುಡೋ ಜಾಗ ನಂದು. ಅಲ್ಲಿ ತೊಡೆ ಗಿಡೆ ತಟ್ಟೀಯೆ, ಹುಷಾರ್!" ಅಂತಾವ್ನೆ. ಇಗೋ, ಬಾಜಾ ತಕ್ಕೊಂಡು ಓಡ್ತೀನಿ.