ಮೂವತ್ತೊಂದನೆಯ ಗೋಡೆ

ಜನವರಿ 7, ಮಂಗಳವಾರ

ಹಳೇ ಪೇಟೆ ಬೀದಿ. ಎಡಬದಿ ಮುಗಿಯಿತು. ಇಪ್ಪತ್ತೆರಡು ಅಂಗಡಿ, ಇಪ್ಪತ್ತೆರಡು ಸಹಿ. ಎಲ್ಲ ಕಡೆ ನಗರಸಭೆಯ ಅದೇ ಪಾಠ ಒಪ್ಪಿಸುತ್ತೇನೆ — ತಗಡಿನ ಚಪ್ಪರ ತೆಗೆಯುತ್ತೇವೆ, ಸುಣ್ಣ ನಾವೇ ಹೊಡೆಸುತ್ತೇವೆ, ಜೋತಾಡುವ ವೈರು ನೆಲದೊಳಗೆ ಹೋಗುತ್ತದೆ, ಕಂಬದ ಬದಲು ನಿಮ್ಮ ಗೋಡೆಗೇ ದೀಪ. ಗೋಡೆ ಕೊರೆಯಲು ಒಪ್ಪಿಗೆ ಬೇಕು, ಇಲ್ಲೊಂದು ಸಹಿ. ಚಪ್ಪಲಿ ಅಂಗಡಿಯವರು, "ಇನ್ನೂರು ವರ್ಷದ ಮುದುಕಿಗೆ ಈಗ ಮೂಗು ಚುಚ್ಚಿಸ್ತೀರಾ ಮೇಡಂ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು.

ನಾಳೆಯಿಂದ ಬಲಬದಿ. ಮೂವತ್ತೊಂದನೇ ನಂಬರು ಬೈಂಡಿಂಗ್ ಅಂಗಡಿ. ಅಣ್ಣನದು.

ಜನವರಿ 10, ಶುಕ್ರವಾರ

ಮೂವತ್ತು ಮುಗಿಸಿ ನೇರ ಮೂವತ್ತೆರಡಕ್ಕೆ ಹೋದೆ. ಯಾರೂ ಗಮನಿಸಲಿಲ್ಲ.

ಜನವರಿ 20, ಸೋಮವಾರ

ಸಾಹೇಬರು ಪಟ್ಟಿ ನೋಡಿದರು. ಬೆರಳು ಮೂವತ್ತೊಂದರ ಮೇಲೆ ನಿಂತಿತು. ಅಲ್ಲೊಂದು ದೀಪ ತಪ್ಪಿದರೆ ತಿರುವಿನಲ್ಲಿ ಕತ್ತಲು ಉಳಿಯುತ್ತದೆ ಎಂದರು. ಗೊತ್ತು. ನಕ್ಷೆ ಬರೆದವಳು ನಾನೇ. ಬೇರೆ ಯಾರನ್ನಾದರೂ ಕಳಿಸಿ ಎನ್ನಬಹುದಿತ್ತು... ಕಾರಣ ಹೇಳಬೇಕಾಗುತ್ತಿತ್ತು.

ಆರು ವರ್ಷವಾಯಿತು. ಅಮ್ಮನ ಉಸಿರಾಟದ ಮೆಷಿನ್ ತೆಗೆಯುವ ಕಾಗದಕ್ಕೆ ಸಹಿ ಹಾಕಿದ್ದು ನಾನು. ಬೇರೆ ಊರಿಗೆ ಕಾಗದದ ಲೋಡು ತರಲು ಹೋಗಿದ್ದ ಅಣ್ಣ ಬಸ್ಸಿನಲ್ಲಿದ್ದ. ನಾಲ್ಕು ಗಂಟೆ ದಾರಿ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇನ್ನು ತಡೆಯುವಂತಿಲ್ಲ ಎಂದು ಡಾಕ್ಟರೇ ಹೇಳಿದರು ಎಂದೆ. ಅವನು ನನ್ನ ಮುಖವನ್ನೇ ನೋಡಿದ. ಅಂದಿನಿಂದ ಮಾತಿಲ್ಲ.

ಜನವರಿ 21

ಹೋದೆ. ಚಪ್ಪರ ಅಡ್ಡ ಬಂದು ಮಧ್ಯಾಹ್ನವೂ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಅಂಟಿನ ವಾಸನೆ. ಅಣ್ಣ ದಪ್ಪ ರಿಜಿಸ್ಟರಿನ ಬೆನ್ನು ಹೊಲಿಯುತ್ತಿದ್ದ, ತಲೆ ಎತ್ತಲಿಲ್ಲ. ಅತ್ತಿಗೆ ಸ್ಟೂಲು ಎಳೆದುಕೊಟ್ಟರು. ಪಾಠ ಒಪ್ಪಿಸಿದೆ. ಅಣ್ಣನಿಗೆ "ನೀವು" ಎನ್ನುತ್ತಿದ್ದೇನೆಂದು ಅರ್ಧಕ್ಕೆ ಬಂದಾಗ ಗೊತ್ತಾಯಿತು. ತಿದ್ದಿಕೊಳ್ಳಲಿಲ್ಲ.

ದಾರವನ್ನು ಹಲ್ಲಿನಿಂದ ಕಡಿದು, "ಸಹಿ ಹಾಕೋದು ನಿನಗೆ ಸುಲಭ. ನನಗೆ ಟೈಮ್ ಬೇಕು" ಎಂದ.

ಸರಿ ಎಂದು ಎದ್ದುಬಂದೆ. ಮನೆಗೆ ಬಂದು ಪಾತ್ರೆ ತೊಳೆದೆ. ಅಳು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ನಲ್ಲಿ ಬಿಟ್ಟುಕೊಂಡೇ ನಿಂತೆ. ಬರಲಿಲ್ಲ. ನಲ್ಲಿ ನಿಲ್ಲಿಸಿದೆ.

ಫೆಬ್ರವರಿ 12, ಬುಧವಾರ

ಚಪ್ಪರಗಳು ಇಳಿಯುತ್ತಿವೆ. ಫ್ಲೆಕ್ಸ್ ಬೋರ್ಡುಗಳ ಹಿಂದೆ ಕೆತ್ತನೆಯ ಕಿಟಕಿಗಳು ಸಿಕ್ಕಿವೆ, ಕಲ್ಲಿನ ಬಳ್ಳಿಗಳು. ಜನ ನಿಂತು ಫೋಟೋ ತೆಗೆಯುತ್ತಾರೆ. ಚೆನ್ನಾಗಿದೆ ಎಂದು ಗೊತ್ತಾಗುತ್ತದೆ, ಚೆನ್ನಾಗಿದೆ ಅನ್ನಿಸುವುದಿಲ್ಲ. ನಡುವೆ ಮೂವತ್ತೊಂದು ಮಾತ್ರ ತಗಡು ಹೊತ್ತು ನಿಂತಿದೆ. ಹಲ್ಲಿನ ಸಾಲಿನಲ್ಲಿ ಒಂದು ಹುಳುಕಾದ ಹಾಗೆ ಕಾಣುತ್ತದೆ ಎಂದು ಕಂಟ್ರಾಕ್ಟರ್ ಗೊಣಗಿದ.

ಫೆಬ್ರವರಿ 18

ಅತ್ತಿಗೆ ಕಚೇರಿಗೆ ಬಂದರು. ಕೈಚೀಲದಿಂದ ಕಾಗದ ತೆಗೆದರು. ಅಣ್ಣನ ಸಹಿ ಇತ್ತು. ನಮ್ಮಿಬ್ಬರ ಜಗಳಕ್ಕೆ ದಾರಿಹೋಕರು ಯಾಕೆ ಎಡವಬೇಕು ಎಂದನಂತೆ. ಹೊರಟವರು ಬಾಗಿಲಲ್ಲಿ ನಿಂತು, "ಒಂದು ಮಾತು ಕೇಳಬೇಕಂತೆ. ನೀನೇ ಬರಬೇಕಂತೆ" ಎಂದರು.

ಕಾಗದ ಫೈಲಿಗೆ ಸೇರಿಸಿದೆ. ನಲವತ್ತಾರಕ್ಕೆ ನಲವತ್ತಾರು. ಸಾಹೇಬರು ಶಭಾಷ್ ಎಂದರು.

ಫೆಬ್ರವರಿ 28, ಶುಕ್ರವಾರ

ಹತ್ತು ದಿನ ಹೋಗಲಿಲ್ಲ. ಕೆಲಸವಿತ್ತು. ಕೆಲಸ ಯಾವಾಗಲೂ ಇರುತ್ತದೆ.

ಇಂದು ಸಂಜೆ ಆರೂಮುಕ್ಕಾಲಿಗೆ ದೀಪಗಳ ಟ್ರಯಲ್. ಬೀದಿಯುದ್ದಕ್ಕೂ ತೆಳು ಹಳದಿ ಬೆಳಕು. ಮಕ್ಕಳು ಹೋ ಎಂದು ಕೂಗಿದರು. ಮೂವತ್ತೊಂದರ ದೀಪ ಕೊಂಚ ಬಗ್ಗಿದೆ, ನೋಡಿ ಬರುತ್ತೇನೆ ಎಂದು ಎಲೆಕ್ಟ್ರಿಷಿಯನ್‌ಗೆ ಹೇಳಿ ಹೊರಟೆ. ದೀಪ ಸರಿಯಾಗಿಯೇ ಇತ್ತು.

ಅಣ್ಣ ಮೆಟ್ಟಿಲ ಮೇಲೆ ಕೂತಿದ್ದ. ಬೆಳಕು ನೇರ ತಲೆಯ ಮೇಲೆ. ಕೂದಲೆಲ್ಲ ಬೆಳ್ಳಗಾಗಿದೆ. ಯಾವಾಗ ಆಯಿತೋ. ಸರಿದು ಜಾಗ ಕೊಟ್ಟ.

"ಅವತ್ತು ನಾನು ಬರೋ ತನಕ ತಡೀಬಹುದಿತ್ತಾ?"

ಆರು ವರ್ಷದಿಂದ ಹೇಳಿಕೊಂಡು ಬಂದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು.

"ತಡೀಬಹುದಿತ್ತು" ಎಂದೆ. "ಡಾಕ್ಟರು ನಿಮ್ಮಿಷ್ಟ ಅಂದ್ರು. ನನಗೇ ನೋಡೋಕೆ ಆಗ್ಲಿಲ್ಲ, ಅಣ್ಣ."

ಅವನು ಬೀದಿ ನೋಡುತ್ತ ಕೂತ. ನಾನೂ ನೋಡಿದೆ. "ಇದನ್ನ ಅವತ್ತೇ ಹೇಳಬೇಕಿತ್ತು" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಬೇರೇನಿತ್ತೋ ತಿಳಿಯಲಿಲ್ಲ. ಎದ್ದು ಒಳಗೆ ಹೋದ.

ಮಾರ್ಚ್ 1, ಶನಿವಾರ, ಬೆಳಿಗ್ಗೆ 7

ಎದ್ದಾಗಿನಿಂದ ಎದೆಯಲ್ಲಿ ಏನೋ ನೋಯುತ್ತಿದೆ. ಕಾಯಿಲೆಯ ನೋವಲ್ಲ.

ಅಣ್ಣನ ಫೋನು ಬಂತು. ಇವತ್ತು ರಜೆ ಹಾಕಿ ಮನೆಗೆ ಬಾ ಎಂದ. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಲ್ಲಿಂದ ಎಲ್ಲ ಹೇಳಬೇಕಂತೆ, ಒಂದೂ ಬಿಡದೆ. ಅವನಿಗೆ ಏನೂ ಗೊತ್ತಿಲ್ಲ. ಯಾರೂ ಹೇಳಿಲ್ಲ.

ಹೋಗುವ ಮುಂಚೆ ನೆನಪಿದ್ದಷ್ಟು ಬರೆದುಕೊಳ್ಳುತ್ತೇನೆ. ಮುಂಜಾನೆ. ಆಂಬುಲೆನ್ಸ್ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಅಮ್ಮ ನೀಲಿ ಶಾಲು ಹೊದ್ದಿದ್ದಳು. ಮಾತು ತೊದಲುತ್ತಿತ್ತು. ನನ್ನ ಕೈ ಹಿಡಿದುಕೊಂಡು, ಅಣ್ಣನಿಗೆ ಬರಹೇಳು ಎಂದಳು. ಉಳಿದದ್ದನ್ನು ಅವನೆದುರು ಕೂತೇ ಹೇಳುತ್ತೇನೆ.