ಅಕ್ಕ ಹೇಳಿದ ಪುಸ್ತಕ

ಗದಗ, ಇಸವಿ ೨೨೧೪, ಫೆಬ್ರವರಿ ೩೦

ನಿಮ್ಮ ಕಾಲದ ಓದುಗರಿಗೆ ಶಿವಲೀಲಾ ಮಾಡುವ ನಮಸ್ಕಾರಗಳು.

ತಾರೀಖು ತಪ್ಪಿ ಬರೆದದ್ದಲ್ಲ. ಪಂಚಾಂಗ ತಿದ್ದಿದವರು ಫೆಬ್ರವರಿಗೆ ಮೂವತ್ತು ದಿನ ಕೊಟ್ಟು ಬಹಳ ವರ್ಷಗಳಾದವು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿದರೆ ಕ್ಷಮಿಸಬೇಕು. ನಿಮ್ಮ ಬರಹದ ಕನ್ನಡವನ್ನು ನಾನು ಅರವತ್ತು ದಾಟಿದ ಮೇಲೆ ಕಲಿತವಳು. ವರ್ಷಕ್ಕೊಮ್ಮೆ ಊರಿಗೊಬ್ಬರಂತೆ ಹಿಂದಿನ ಕಾಲಕ್ಕೆ ಪತ್ರ ಕಳಿಸುವ ಏರ್ಪಾಡು ನಮ್ಮಲ್ಲಿದೆ. ಅದನ್ನು ಹಿಂಟಪಾಲು ಎನ್ನುತ್ತೇವೆ. ಈ ಸಲ ಚೀಟಿಯಲ್ಲಿ ನನ್ನ ಹೆಸರು ಬಂತು. ಯಾವ ಪುಸ್ತಕಗಳನ್ನು ಓದಬೇಕೆಂದು ನಿಮಗೆ ಹೇಳಲು ಕುಳಿತಿದ್ದೇನೆ. ಅವುಗಳನ್ನು ಬರೆದವರು ನಿಮ್ಮ ಕಾಲದಲ್ಲಿ ಇನ್ನೂ ಹುಟ್ಟಿಲ್ಲ. ಆದರೂ ಹೇಳುತ್ತೇನೆ. ಮೊಮ್ಮಕ್ಕಳ ಕಿವಿಯಲ್ಲಿ ಹಾಕಿಡಿ.

ನನಗೆ ಪುಸ್ತಕದ ದಾರಿ ತೋರಿಸಲು ನೋಡಿದವಳು ನಮ್ಮಕ್ಕ ದಾಕ್ಷಾಯಣಿ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಊರಿನ ಪುಸ್ತಕದ ಮನೆಯನ್ನು ನಲವತ್ತು ವರ್ಷ ನೋಡಿಕೊಂಡಳು. ಯಂತ್ರಗಳೊಳಗೆ ಕೂಡಿಟ್ಟ ಬರಹಗಳನ್ನು ನಮ್ಮ ಅಜ್ಜಿಯ ಕಾಲಕ್ಕೇ ಯಾರೂ ತೆರೆಯಲಾರದಂತಾಗಿತ್ತು. ಉಳಿದದ್ದು ಕಾಗದದ ಪುಸ್ತಕಗಳಷ್ಟೇ. ಜನ ಅಕ್ಕನ ಹತ್ತಿರ ಬಂದು ಪುಸ್ತಕ ಕೇಳುತ್ತಿರಲಿಲ್ಲ, ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರು. ಅವಳು ಪೂರ್ತಿ ಕೇಳಿಸಿಕೊಂಡು, ಎದ್ದು ಹೋಗಿ, ಒಂದೇ ಒಂದು ಪುಸ್ತಕ ತಂದು ಕೈಯಲ್ಲಿಡುತ್ತಿದ್ದಳು. ಅದನ್ನು ಏಕೆ ಕೊಟ್ಟೆನೆಂದು ಸಣ್ಣ ಚೀಟಿಯಲ್ಲಿ ಬರೆದು ಒಳಗಿಡುತ್ತಿದ್ದಳು.

ಕುಂಬಾರ ಯಮನೂರಪ್ಪ ಹೆಂಡತಿ ಸತ್ತ ಮೇಲೆ ಮಡಕೆ ಮಾಡುವ ತಿಗರಿ ಮುಟ್ಟುವುದನ್ನೇ ಬಿಟ್ಟಿದ್ದ. ಅಕ್ಕ ಅವನಿಗೆ ‘ಕಲ್ಲು ಸಿಕ್ಕ ಮೇಲೆ’ ಎಂಬ ಪುಸ್ತಕ ಕೊಟ್ಟಳು. ಬಾವಿ ತೋಡುವ ಹೆಂಗಸೊಬ್ಬಳು ತನ್ನ ಬಾಳನ್ನು ತಾನೇ ಬರೆದದ್ದು. ಯಮನೂರಪ್ಪ ನಾಲ್ಕು ದಿನ ಪುಸ್ತಕದ ಮನೆಯ ಕಟ್ಟೆಯ ಮೇಲೆ ಕುಳಿತು ಓದಿದ. ಐದನೆಯ ದಿನ ಪುಸ್ತಕ ತಿರುಗಿ ಕೊಡುವಾಗ ನಾನೂ ಅಲ್ಲಿದ್ದೆ.

“ಹದಿನೆಂಟು ಬಾವಿ ತೋಡ್ಯಾಳ್ರಿ ಅಕ್ಕಾರ, ಒಂದರಾಗೂ ನೀರು ಬಂದಿಲ್ಲ. ಆದ್ರೂ ಹತ್ತೊಂಬತ್ತನೇದಕ್ಕ ಹಾರಿ-ಗುದ್ದಲಿ ಹಿಡದಾಳ,” ಎಂದ. ಪುಸ್ತಕವನ್ನು ಅಕ್ಕನ ಮುಂದಿಟ್ಟು, “ನಾನೂ ನಾಳಿಂದ ಮಣ್ಣು ಕಲಸ್ತೀನಿ,” ಎಂದು ಎದ್ದುಹೋದ.

ನಾನು ಕಪ್ಪತಗುಡ್ಡದ ಗಾಳಿಗಂಬಗಳ ದುರಸ್ತಿಯವಳಾಗಿದ್ದೆ. ಗುಡ್ಡದ ಮೇಲೆ ನೂರಾರು ಗಾಳಿಗಂಬಗಳಿವೆ. ಊರಿಗೆ ಬೆಳಕು ಬರುವುದು ಅವುಗಳಿಂದಲೇ. ಇಪ್ಪತ್ತೆಂಟು ವರ್ಷ ಏಣಿ ಹತ್ತಿದ್ದೇನೆ. ಒಮ್ಮೆ ನನ್ನ ಜೊತೆಗಾತಿ ರುದ್ರಮ್ಮ ನನ್ನ ಕಣ್ಣೆದುರೇ ಮೇಲಿನಿಂದ ಬಿದ್ದು ತೀರಿಕೊಂಡಳು. ಹಗ್ಗ ಕಟ್ಟಿದವಳು ನಾನು. ಗಂಟು ಸರಿಯಾಗಿತ್ತೆಂದು ಎಲ್ಲರೂ ಹೇಳಿದರು. ನಾನು ಮಾತ್ರ ಆ ವಿಷಯ ಯಾರೊಂದಿಗೂ ಆಡಲಿಲ್ಲ, ಅಕ್ಕನೊಂದಿಗೂ. ಮೂರು ತಿಂಗಳಾದ ಮೇಲೆ ಅವಳು ನಮ್ಮ ಮನೆಗೆ ಬಂದು ಒಂದು ಪುಸ್ತಕ ಕೊಟ್ಟಳು. ‘ಏಣಿಯ ಕೊನೆಯ ಮೆಟ್ಟಿಲು’ ಎಂದು ಅದರ ಹೆಸರು.

“ಲೀಲಾ, ಇದು ನಿನ್ನ ಸಲುವಾಗಿ. ಓದಿ ನೋಡು.”

“ಓದ್ತೀನಿ ತಗೋ ಅಕ್ಕ. ಈ ಗಾಳಿಗಾಲ ಮುಗೀಲಿ.”

“ಗಾಳಿಗಾಲ ವರ್ಷಾ ವರ್ಷಾ ಬರ್ತೈತಿ,” ಎಂದಳು.

ಪುಸ್ತಕವನ್ನು ಉಪಕರಣದ ಪೆಟ್ಟಿಗೆಯ ಮೇಲೆ ಇಟ್ಟೆ. ಆಮೇಲೆ ಯಾವಾಗಲೋ ಅದು ಪೆಟ್ಟಿಗೆಯ ಒಳಗೆ ಸೇರಿತು. ಒಂಬತ್ತು ವರ್ಷ ಅಲ್ಲೇ ಇತ್ತು. ಅಕ್ಕ ಹಬ್ಬಕ್ಕೊಮ್ಮೆ ಕೇಳುತ್ತಿದ್ದಳು, ನಾನು ಓದುತ್ತೇನೆನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಸಮಯವಿಲ್ಲದೆ ಅಲ್ಲ. ಅದರೊಳಗೆ ರುದ್ರಮ್ಮ ಇರುತ್ತಾಳೆಂಬ ಹೆದರಿಕೆ ನನಗಿತ್ತು.

ಆಮೇಲೆ ಹಾಳೆನುಸಿ ಬಂತು. ಅದು ಕಾಗದ ತಿನ್ನುವ ಹುಳು, ಕಣ್ಣಿಗೆ ಕಾಣದಷ್ಟು ಸಣ್ಣದು. ಎರಡು ಮಳೆಗಾಲಗಳಲ್ಲಿ ಊರೂರಿನ ಪುಸ್ತಕಗಳು ಹಿಟ್ಟಾದವು. ಅಕ್ಕ ದಿನಕ್ಕೆ ಎರಡು ಹೊತ್ತು ಬೇವಿನ ಸೊಪ್ಪು, ಲಕ್ಕಿ ಸೊಪ್ಪಿನ ಹೊಗೆ ಹಾಕಿ, ಒಂದೊಂದು ಪುಸ್ತಕವನ್ನೂ ಬಿಸಿಲಿಗೆ ಹಿಡಿದು ಕೊಡವಿ ಕಾಪಾಡಿದಳು. ಆ ಧೂಳು ಎದೆಗೆ ಇಳಿಯಿತು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಹೋಗಿಬಿಟ್ಟಳು. ಕೊನೆಯ ವಾರದಲ್ಲಿ ನಾನು ಗಂಜಿ ಕುಡಿಸುತ್ತಿದ್ದಾಗ, ಉಸಿರು ಎಳೆದುಕೊಳ್ಳುತ್ತಲೇ ಕೇಳಿದಳು: “ಓದಿದ್ಯಾ?”

“ಅರ್ಧ ಆಗೈತಿ ಅಕ್ಕ,” ಎಂದೆ.

ಅವಳ ಮುಖ ಅರಳಿತು. ಆ ಸುಳ್ಳನ್ನು ಇಂದಿಗೂ ಹೊತ್ತುಕೊಂಡಿದ್ದೇನೆ.

ಅವಳು ಹೋದ ನಾಲ್ಕು ತಿಂಗಳಿಗೆ ತಗಡೋಲೆಯವರು ಬಂದರು. ತೆಳು ಲೋಹದ ಹಾಳೆಯ ಮೇಲೆ ಪುಸ್ತಕ ಕೊರೆದು ಉಳಿಸುವ ಕೆಲಸದವರು. ಲೋಹ ಕಡಿಮೆ, ಪುಸ್ತಕ ಹೆಚ್ಚು. ಅದಕ್ಕೆ ಒಂದು ನಿಯಮ ಮಾಡಿದ್ದರು. ಓದಿದವರೊಬ್ಬರು ಮುಂದೆ ಬಂದು, ಈ ಪುಸ್ತಕ ನನಗೆ ಇಂಥದ್ದು ಮಾಡಿತೆಂದು ಹೇಳಿದರೆ ಮಾತ್ರ ಅದು ಉಳಿಯುತ್ತದೆ. ಸಂತೆಕಟ್ಟೆಯ ಚಪ್ಪರದಡಿ ಸಾಲು ನಿಂತಿತು. ಯಮನೂರಪ್ಪ ಎಲ್ಲರಿಗಿಂತ ಮೊದಲು ಬಂದು ಬಾವಿಯ ಪುಸ್ತಕದ ಬಗ್ಗೆ ಹೇಳಿದ. ಗಂಡು, ಹೆಣ್ಣು, ಮುದುಕರು, ಒಬ್ಬೊಬ್ಬರೂ ಅಕ್ಕ ಕೊಟ್ಟ ಪುಸ್ತಕದ ಹೆಸರನ್ನೇ ಹೇಳಿದರು. ಅರವತ್ತೊಂದು ಪುಸ್ತಕಗಳು ಉಳಿದವು.

ನನ್ನ ಸರದಿ ಬಂತು. ‘ಏಣಿಯ ಕೊನೆಯ ಮೆಟ್ಟಿಲು’ ಎಂದು ಹೆಸರು ಹೇಳಿದೆ. ಬರೆದುಕೊಳ್ಳುತ್ತಿದ್ದ ರೆಹಾನಾ ಎಂಬ ಹೆಣ್ಣುಮಗಳು ತಲೆಯೆತ್ತಿ ಕೇಳಿದಳು: “ಓದೀರೇನ್ರಿ?”

“ಇಲ್ರಿ. ಎರಡು ದಿನ ಕೊಡ್ರಿ, ಓದಿ ಬರ್ತೀನಿ.”

“ತಂದೀರೇನು? ತೆಗೀರಿ, ನೋಡೋಣು.”

ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿಟ್ಟಿದ್ದ ಪುಸ್ತಕವನ್ನು ಹಾಗೆಯೇ ತಂದಿದ್ದೆ. ಬಟ್ಟೆ ಬಿಚ್ಚಿ ರಟ್ಟು ತೆರೆದೆ. ಒಳಗೆ ಹಾಳೆಗಳಿರಲಿಲ್ಲ, ಬೂದಿಯಂಥ ಪುಡಿ ಇತ್ತು. ಅಕ್ಕನ ಪುಸ್ತಕದ ಮನೆಯಲ್ಲಿದ್ದಿದ್ದರೆ ಹೊಗೆ ಹಿಡಿದು ಉಳಿಯುತ್ತಿತ್ತು. ನನ್ನ ಪೆಟ್ಟಿಗೆಯಲ್ಲಿ ಅದಕ್ಕೆ ಹೊಗೆ ಹಾಕುವವರು ಯಾರಿದ್ದರು? ಪುಡಿಯ ನಡುವೆ ಅವಳ ಚೀಟಿಯ ಒಂದು ತುಂಡು ಮಾತ್ರ ಉಳಿದಿತ್ತು. ‘ನಲವತ್ತೊಂದನೇ ಪುಟದಾಗ ನಿನ್ನ ಕಂಡೆ ಲೀಲಾ. ಅದು ನಿನ್ನ ತಪ್ಪಲ್ಲ’ ಎಂದಿತ್ತು. ರೆಹಾನಾ ಓದಿ, ಕಣ್ಣು ತಗ್ಗಿಸಿ, “ಬೇರೆ ಊರಾಗ ಇನ್ನೊಂದು ಪ್ರತಿ ಇದ್ದರ ಹೇಳಿ ಕಳಿಸ್ತೀನ್ರಿ ಅಕ್ಕಾ,” ಎಂದಳು. ಏಳು ವರ್ಷವಾಯಿತು. ಎಲ್ಲಿಯೂ ಸಿಕ್ಕಿಲ್ಲ.

ಆಮೇಲೆ ಗುಡ್ಡದ ಕೆಲಸ ಬಿಟ್ಟು ಪುಸ್ತಕದ ಮನೆಯಲ್ಲೇ ಇದ್ದೇನೆ. ಅರವತ್ತೊಂದನ್ನೂ ಓದಿದೆ. ‘ಕಲ್ಲು ಸಿಕ್ಕ ಮೇಲೆ’ ನಿಮ್ಮ ಮೊಮ್ಮಕ್ಕಳು ಸೋತು ಕುಳಿತಾಗ ಓದಲಿ. ಹತ್ತೊಂಬತ್ತನೆಯ ಬಾವಿಯಲ್ಲಿ ನೀರು ಬಂತೋ ಇಲ್ಲವೋ ಎಂದು ಆ ಹೆಂಗಸು ಬರೆದೇ ಇಲ್ಲ, ನನಗೆ ಅದೇ ಹಿಡಿಸಿತು. ‘ಮುಳುಗಿದ ಊರಿನ ಮಾತು’ ಎಂಬುದೂ ಇದೆ. ಸಮುದ್ರ ನುಂಗಿದ ಊರಿನ ಮೀನುಗಾರ್ತಿಯೊಬ್ಬಳು ಅಲ್ಲಿನವರಷ್ಟೇ ಆಡುತ್ತಿದ್ದ ಮುನ್ನೂರು ಪದಗಳಿಗೆ ಅರ್ಥ ಬರೆದಿದ್ದಾಳೆ. ಸತ್ತವರನ್ನು ಗದರಲು ಅವರಲ್ಲಿ ಬೇರೆಯೇ ಒಂದು ಪದವಿತ್ತಂತೆ. ಅದನ್ನು ಓದಿದ ದಿನ, ಅಕ್ಕ ಹೋದ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತೆ.

‘ಏಣಿಯ ಕೊನೆಯ ಮೆಟ್ಟಿಲು’ ಮಾತ್ರ ನಾನು ಶಿಫಾರಸು ಮಾಡಲಾರೆ. ಅದರಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ನಿಮ್ಮ ವಂಶದಲ್ಲಿ ಯಾರ ಕೈಗಾದರೂ ಬಂದರೆ ಅವರೇ ಓದಲಿ.

ನನ್ನದೊಂದು ಬೇಡಿಕೆ. ಯಾರೋ ನಿಮಗೊಂದು ಪುಸ್ತಕ ಕೊಟ್ಟಿರುತ್ತಾರೆ, ನೀವು ನೋಡೋಣ ಎಂದಿರುತ್ತೀರಿ. ಈ ವಾರವೇ ಅದನ್ನು ತೆರೆಯಿರಿ. ಹಿಡಿಸದಿದ್ದರೂ ಪರವಾಗಿಲ್ಲ. ಓದಿದ ಮೇಲೆ ಕೊಟ್ಟವರ ಮನೆಗೆ ಹೋಗಿ, ಎದುರಿಗೆ ಕುಳಿತು ಹೇಳಿ. ಅವರು ಕೇಳಿಸಿಕೊಳ್ಳಲು ಇರುವಾಗಲೇ ಹೇಳಿ.

ಬರುತ್ತೇನೆ.

ಶಿವಲೀಲಾ