ಬಾತುಕೋಳಿಯ ಕುತ್ತಿಗೆ

ಶನಿವಾರ, ತಾರೀಖು ಹದಿಮೂರು
ಸಂಜೆ ನಾಲ್ಕೂವರೆ

ಪ್ರೀತಿಯ ಅತ್ತೆಗೆ, ನಿಮ್ಮ ಸೊಸೆಯ ನಮಸ್ಕಾರ.

ಮೊದಲು ಕೈಯಲ್ಲಿರುವ ಕೆಂಪು ಪೆನ್ಸಿಲ್ಲನ್ನು ಕೆಳಗಿಡಿ. ಮೂವತ್ತಾರು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವರಿಗೆ ಪತ್ರ ಬರೆಯಲು ನನ್ನಂಥವಳಿಗೆ ಎಂಟೆದೆ ಬೇಕು. ಒತ್ತಕ್ಷರ, ದೀರ್ಘ ಎಲ್ಲವನ್ನೂ ಆಮೇಲೆ ಸಾವಕಾಶವಾಗಿ ತಿದ್ದಿ. ನಾನು ಒಪ್ಪಿಕೊಳ್ಳಬೇಕಾದ ತಪ್ಪು ಅವಕ್ಕಿಂತ ದೊಡ್ಡದು, ಹಳೆಯದು ಕೂಡ.

ಫೋನಿನಲ್ಲಿ ಹೇಳೋಣವೆಂದರೆ ನಿಮಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧವನ್ನು ನೀವೇ ಊಹಿಸಿಕೊಳ್ಳುತ್ತೀರಿ. ಎದುರಿಗೆ ಕೂತು ಹೇಳೋಣವೆಂದರೆ ನನ್ನ ನಾಲಿಗೆ ಏಳುವುದಿಲ್ಲ. ಅದಕ್ಕೇ ಕಾಗದ. ಸೋಮವಾರ ಅಂಚೆಗೆ ಹಾಕುತ್ತೇನೆ.

ವಿಷಯ ಇಷ್ಟೇ, ಅತ್ತೆ. ನಾನು ಆಟಿಕೆ ಸಂಗ್ರಹಿಸುವುದನ್ನು ನಿಲ್ಲಿಸುತ್ತಿದ್ದೇನೆ. ಮುಂದಿನ ತಿಂಗಳಿಂದ ನೀವು ಎರಡನೇ ಭಾನುವಾರದ ಹಳೇ ಸಾಮಾನಿನ ಸಂತೆಗೆ ಹೋಗಿ ನನಗಾಗಿ ಆಟಿಕೆ ಹುಡುಕಬೇಡಿ.

ಈ ಎರಡು ವಾಕ್ಯ ಬರೆಯಲು ಒಂದು ತಿಂಗಳು ಹಿಡಿಯಿತು. ನನ್ನ ಹೆದರಿಕೆ ಏನೆಂದು ನೇರವಾಗಿಯೇ ಹೇಳುತ್ತೇನೆ. ಯಾರ ಮನೆಗೂ ಬರಿಗೈಯಲ್ಲಿ ಹೋಗಬಾರದೆನ್ನುವುದು ನಿಮ್ಮ ನೇಮ. ಒಮ್ಮೆ ಸಂತೆಯ ಮೈದಾನಕ್ಕೆ ಬೇಲಿ ಹಾಕಿ ಎರಡು ತಿಂಗಳು ವ್ಯಾಪಾರ ನಿಂತಿತ್ತಲ್ಲ, ಆ ಎರಡು ತಿಂಗಳು ನೀವು ನಮ್ಮ ಕಡೆ ತಲೆ ಹಾಕಲಿಲ್ಲ. ‘ಏನೂ ಸಿಗಲಿಲ್ಲ ಕಣಮ್ಮ, ಸಿಕ್ಕಿದ ಮೇಲೆ ಬರ್ತೀನಿ’ ಎಂದು ಫೋನಿನಲ್ಲಿ ಹೇಳಿದಿರಿ. ಆಟಿಕೆ ಬೇಡವೆಂದು ನಾನು ಬರೆದರೆ ನೀವು ಅದನ್ನು ‘ಬರಬೇಡಿ’ ಎಂದು ಓದಿಕೊಳ್ಳುತ್ತೀರೇನೋ ಎಂದು ಕೈ ಹಿಂದೆಗೆಯುತ್ತಿತ್ತು. ಹಾಗೆ ಓದಿಕೊಳ್ಳಬೇಡಿ. ಪೂರ್ತಿ ಓದಿ.

ಈಗ ತಪ್ಪೊಪ್ಪಿಗೆ. ನನಗೆ ಆಟಿಕೆ ಎಂದರೆ ಪ್ರಾಣವೆಂದು ನೀವು ಇಪ್ಪತ್ತಮೂರು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದಿದ್ದೀರಿ. ಅದು ಸುಳ್ಳು, ಅತ್ತೆ. ಆ ಸುಳ್ಳನ್ನು ಹುಟ್ಟಿಸಿದವಳು ನಾನೇ.

ನಿಮ್ಮ ಮಗ ನನ್ನನ್ನು ಮೊದಲ ಸಲ ನಿಮ್ಮಲ್ಲಿಗೆ ಕರೆತಂದ ದಿನ ನೆನಪಿದೆಯಲ್ಲ. ನೀವು ಕಾಫಿ ತರಲು ಒಳಗೆ ಹೋದಿರಿ, ನಿಮ್ಮ ಮಗನೂ ಹಿಂದೆಯೇ ಹೋದರು, ನಾನು ಗಾಬರಿಯಲ್ಲಿ ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ನೋಡದೆ ಕೂತೆ. ಲಟಕ್ ಎಂದಿತು. ನಿಮ್ಮ ಮಗ ಚಿಕ್ಕಂದಿನಲ್ಲಿ ದಾರ ಕಟ್ಟಿ ಎಳೆಯುತ್ತಿದ್ದ ಮರದ ಬಾತುಕೋಳಿ ನನ್ನ ಕೆಳಗಿತ್ತು. ಎತ್ತಿಕೊಂಡರೆ ತಲೆ ಒಂದು ಕೈಯಲ್ಲಿ, ಮೈ ಇನ್ನೊಂದು ಕೈಯಲ್ಲಿ. ಅಷ್ಟರಲ್ಲಿ ನಿಮ್ಮ ಹೆಜ್ಜೆ ಸಪ್ಪಳ ಕೇಳಿಸಿತು. ತಲೆಯನ್ನು ಮೈಗೆ ಒತ್ತಿ, ಕುತ್ತಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕೂತುಬಿಟ್ಟೆ.

ಒಂದೂಕಾಲು ಗಂಟೆ ಹಿಡಿದಿದ್ದೆ. ಕಾಫಿಯನ್ನು ಎಡಗೈಯಲ್ಲಿ ಕುಡಿದೆ. ‘ಅದನ್ನ ಕೆಳಗಿಡಮ್ಮ, ಆರಾಮಾಗಿ ಕೂತ್ಕೋ’ ಎಂದು ನೀವು ಮೂರು ಸಲ ಅಂದಿರಿ. ನಾನು ಮೂರು ಸಲವೂ ತಲೆ ಅಲ್ಲಾಡಿಸಿ ನಕ್ಕೆ. ಕಡೆಗೆ ನೀವೇ ಕರಗಿ, ‘ಅಷ್ಟೊಂದು ಇಷ್ಟ ಆಯ್ತಾ? ತಗೊಂಡೋಗು, ಇನ್ಮೇಲೆ ಅದು ನಿಂದೇ’ ಎಂದಿರಿ. ಬೇರೆ ದಾರಿಯಿರಲಿಲ್ಲ, ಹೂಂ ಎಂದೆ. ಆಗ ನಾನು ಹಲ್ಲಿನ ಸೆಟ್ ಮಾಡುವ ವರ್ಕ್‌ಶಾಪಿನಲ್ಲಿ ಹೊಸದಾಗಿ ಕೆಲಸ ಕಲಿಯುತ್ತಿದ್ದೆ. ಮಾರನೆಯ ದಿನ ವಸಡು ಮಾಡುವ ಗುಲಾಬಿ ಪುಡಿಯನ್ನು ಕಲಸಿ ಕುತ್ತಿಗೆಗೆ ಮೆತ್ತಿ ಅಂಟಿಸಿದೆ. ಮದುವೆಯಾದ ಮೇಲೆ ನೀವು ಆ ಗುಲಾಬಿ ಬಳೆಯನ್ನು ನೋಡಿ ಕೇಳಿದಾಗ, ಅದಕ್ಕೆ ಚಳಿಯಾಗದಿರಲೆಂದು ಮಫ್ಲರ್ ಹಾಕಿದೆ ಎಂದುಬಿಟ್ಟೆ. ನಿಮ್ಮ ಕಣ್ಣು ತುಂಬಿ ಬಂತು. ನನ್ನ ಬಾಯಿಗೆ ಅಂದೇ ಬೀಗ ಬಿತ್ತು.

ಆಮೇಲೆ ತಗಡಿನ ಕಪ್ಪೆ ಬಂತು, ಡೋಲು ಬಾರಿಸುವ ಕರಡಿ ಬಂತು, ಒಂದೇ ಕಡೆ ತಿರುಗುವ ಕಾರು ಬಂತು. ನಿಮ್ಮ ಪ್ರೆಸ್ಸಿನ ಬೈಂಡರ್, ಅವರ ತಂಗಿ, ಲೆಕ್ಕ ಬರೆಯುವವರು ಎಲ್ಲರೂ ತಮ್ಮ ಅಟ್ಟ ಗುಡಿಸಿದ್ದನ್ನು ನಿಮ್ಮ ಕೈಯಲ್ಲಿ ಕೊಟ್ಟು ಕಳಿಸಿದರು. ಹೋದ ವಾರ ಎಣಿಸಿದೆವು, ಮುನ್ನೂರ ಹನ್ನೊಂದಿವೆ. ಬಟ್ಟೆಯ ಕಪಾಟಿನಲ್ಲಿ ಬಟ್ಟೆಗೆ ಜಾಗವಿಲ್ಲ. ನಿಮ್ಮ ಮಗ ಕತ್ತಲಲ್ಲಿ ನೀರಿಗೆಂದು ಎದ್ದರೆ ಯಾವುದಾದರೊಂದನ್ನು ಮೆಟ್ಟುತ್ತಾರೆ, ಅದು ಕ್ವಾಕ್ ಅನ್ನುತ್ತದೆ, ಅವರು ಇನ್ನೇನೋ ಅನ್ನುತ್ತಾರೆ. ಅವರಿಗೆ ಮೊದಲ ವಾರವೇ ವಿಷಯ ಹೇಳಿದ್ದೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ‘ಅಮ್ಮಂಗೆ ನೀನೇ ಹೇಳ್ಕೋ, ನನ್ನ ಮಧ್ಯಕ್ಕೆ ಎಳೀಬೇಡ’ ಎಂದು ಕೈ ತೊಳೆದುಕೊಂಡರು. ಮೊಮ್ಮಗಳು ಪಾಪ, ಮನೆ ತುಂಬ ಆಟಿಕೆಯಿದ್ದೂ ರಟ್ಟಿನ ಡಬ್ಬದಲ್ಲಿ ಆಡಿ ಬೆಳೆದಳು. ಅವಳು ಕೈ ಚಾಚಿದರೆ ‘ಅದು ನಿಮ್ಮಮ್ಮಂದು, ಮುಟ್ಟಬೇಡ’ ಎಂದು ನೀವು ಗದರುತ್ತಿದ್ದಿರಿ. ಈಗ ಕಾಲೇಜಿಗೆ ಹೋಗುತ್ತಾಳೆ, ಆ ಮಾತನ್ನು ನಿಮ್ಮದೇ ದನಿಯಲ್ಲಿ ಹೇಳಿ ತೋರಿಸುತ್ತಾಳೆ.

ನಗುತ್ತಿದ್ದೀರಾ, ಮುಖ ಊದಿಸಿಕೊಂಡಿದ್ದೀರಾ ಇಲ್ಲಿಂದ ಕಾಣಿಸುವುದಿಲ್ಲ. ಊದಿಸಿಕೊಂಡಿದ್ದರೂ ಮುಂದಕ್ಕೆ ಓದಿ.

ನಾನು ಹಾಸ್ಟೆಲಿನಲ್ಲಿ ಬೆಳೆದವಳು. ಅಲ್ಲಿ ಪ್ರತಿ ವಸ್ತುವಿಗೂ ನಂಬರು, ಯಾವುದೂ ಯಾರದ್ದೂ ಅಲ್ಲ. ರಜೆಗೆ ಸೋದರತ್ತೆಯ ಮನೆಗೆ ಹೋದರೆ ಅಲ್ಲಿ ಕೊಟ್ಟದ್ದನ್ನು ತಿಂದು, ಕೇಳಿದ್ದಕ್ಕೆ ಉತ್ತರ ಕೊಟ್ಟು, ತುಟಿ ಪಿಟಕ್ಕೆನ್ನದೆ ಇರಬೇಕಿತ್ತು. ಆಟಿಕೆಯ ಆಸೆ ನನಗೆ ಹುಟ್ಟಲೇ ಇಲ್ಲ, ಇವತ್ತಿಗೂ ಅದು ಅಷ್ಟಕ್ಕಷ್ಟೇ. ಆದರೆ ನನಗಾಗಿ ಒಬ್ಬರು ಬಿಸಿಲಲ್ಲಿ ಅಂಗಡಿ ಅಂಗಡಿ ತಿರುಗಿ, ‘ಇದು ಅವಳ ಹತ್ರ ಇದೆ, ಇದು ಇಲ್ಲ’ ಎಂದು ನೆನಪಿಟ್ಟುಕೊಂಡು ಹುಡುಕುತ್ತಾರೆ ಎನ್ನುವುದು ಬೇರೆ ವಿಷಯ. ಅದು ನನಗೆ ಬಹಳ ಬೇಕಾಗಿತ್ತು. ಸತ್ಯ ಹೇಳಿದರೆ ಅದೂ ಹೋಗುತ್ತದೆಂದು ಸುಮ್ಮನಿದ್ದೆ. ಸುಳ್ಳಿನ ಹಿಂದಿನ ಅಸಲು ಕಾರಣ ಇದೇ ಅತ್ತೆ, ಬಾತುಕೋಳಿ ನೆಪ.

ಒಂಬತ್ತು ವರ್ಷದ ಹಿಂದೆ ಆ ವರ್ಕ್‌ಶಾಪ್ ಮುಚ್ಚಿತಲ್ಲ. ಐದು ತಿಂಗಳು ಮನೆಯಲ್ಲಿ ಕೂತಿದ್ದೆ. ಹಲ್ಲಿನ ಅಚ್ಚಿಗೆ ಮೇಣ ಕೆತ್ತುತ್ತಿದ್ದ ಕೈ ಸುಮ್ಮನೆ ಮಡಿಲಲ್ಲಿ ಬಿದ್ದಿರುತ್ತಿತ್ತು. ನಿಮ್ಮ ಮಗ ಸಮಾಧಾನ ಹೇಳಿದಷ್ಟೂ ನನಗೆ ಸಿಟ್ಟು ಬರುತ್ತಿತ್ತು. ಆಗ ನೀವು ಒಂದು ಮಂಗಳವಾರ ಬಂದಿರಿ, ಭಾನುವಾರವೂ ಅಲ್ಲ. ಹಿಟ್ಟಿನ ಚೀಲದ ತುಂಬ ಮುರಿದ ಗೊಂಬೆಗಳು. ಗುಜರಿಯವನು ತೂಕಕ್ಕೆ ಹಾಕಲು ತೆಗೆದಿಟ್ಟಿದ್ದನಂತೆ. ಮೇಜಿನ ಮೇಲೆ ಪೇಪರ್ ಹಾಸಿ ಸುರಿದು, ‘ಇವಕ್ಕೆ ಕೈಯಿಲ್ಲ ಕಾಲಿಲ್ಲ, ನೀನೇ ದಿಕ್ಕು’ ಎಂದಿರಿ. ಟೀ ಕುಡಿದು ಹೋದಿರಿ. ಕೆಲಸದ ಬಗ್ಗೆ ಒಂದು ಮಾತು ಆಡಲಿಲ್ಲ.

ಮೊದಲ ದಿನ ಚೀಲದ ಕಡೆ ನೋಡಲಿಲ್ಲ. ಎರಡನೆಯ ದಿನ ಒಂದು ಗೊಂಬೆಯ ಬೆರಳು ಕೆತ್ತಿದೆ. ಆಮೇಲೆ ದಿನ ಹೋದದ್ದೇ ತಿಳಿಯಲಿಲ್ಲ. ಹಲ್ಲಿನ ಡಾಕ್ಟರಮ್ಮನ ಹತ್ತಿರ ಕೆಲಸ ಕೇಳಲು ಹೋದಾಗ ತೋರಿಸಲು ನನ್ನ ಬಳಿ ಬೇರೇನೂ ಇರಲಿಲ್ಲ, ಆ ಗೊಂಬೆಯನ್ನೇ ಒಯ್ದಿದ್ದೆ. ಅವರು ಅಕ್ಕಿಕಾಳಿನಷ್ಟಿದ್ದ ಬೆರಳನ್ನು ಮಸೂರದಲ್ಲಿ ನೋಡಿ, ನಾಳೆಯಿಂದ ಬಾ ಎಂದರು. ಈ ವಿಷಯ ನಿಮಗೆ ಹೇಳಿರಲಿಲ್ಲ. ಇವತ್ತು ಆ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಮೈಯೆಲ್ಲ ಸುಣ್ಣದಂಥ ಪುಡಿ ಮೆತ್ತಿಕೊಂಡು ಕೂರುವ ಸುಖ ನೀವು ಕೊಟ್ಟದ್ದು. ಜನ ಅಗಿದು ಉಣ್ಣುವಂತೆ ಮಾಡುವ ಕೆಲಸ ಅದು. ನಿಮಗೆ ನಾನು ಎಷ್ಟು ಋಣಿ ಎನ್ನುವುದನ್ನು ಈ ಕಾಗದದಲ್ಲಿ ಬರೆದು ಮುಗಿಸಲಾರೆ.

ಹಾಗಿದ್ದರೆ ಈಗೇಕೆ ನಿಲ್ಲಿಸುವುದು ಎಂದು ಕೇಳುತ್ತೀರಿ. ಮನೆಯಲ್ಲಿ ಜಾಗವಿಲ್ಲ ಎಂದು ಬರೆದು ಮುಗಿಸೋಣವೆಂದುಕೊಂಡಿದ್ದೆ. ಜಾಗ ಇಲ್ಲದಿರುವುದು ನಿಜ, ಅದು ಕಾರಣವಲ್ಲ.

ಹೋದ ತಿಂಗಳ ಸಂತೆಯ ಭಾನುವಾರ ನನಗೂ ಕೆಲಸವಿತ್ತು. ಮದುವೆಮನೆಯ ಅಜ್ಜನೊಬ್ಬರ ಸೆಟ್ ಅರ್ಜೆಂಟಾಗಿ ಬೇಕೆಂದು ಡಾಕ್ಟರಮ್ಮ ಕರೆಸಿದ್ದರು. ಮಧ್ಯಾಹ್ನ ಮುಗಿಸಿ ಮನೆಗೆ ಬರುತ್ತ ನಮ್ಮ ಬಸ್ ಸ್ಟಾಪಿನ ಎದುರು, ರಸ್ತೆಯ ಈಚೆ ನಿಂತಿದ್ದೆ. ಆಚೆ ಕಡೆ ನಿಮ್ಮ ಬಸ್ಸು ನಿಂತಿತು. ನೀವು ಇಳಿಯುವಾಗ ಕೊನೆಯ ಮೆಟ್ಟಿಲು ತಪ್ಪಿತು. ಬಿದ್ದಿರಿ. ಇಬ್ಬರು ಹೆಂಗಸರು ಎತ್ತಿ ಕೂರಿಸಿದರು. ನೀವು ಮೊಣಕಾಲು ನೋಡಿಕೊಳ್ಳಲಿಲ್ಲ. ಚೀಲದಿಂದ ತಗಡಿನ ರೈಲು ತೆಗೆದು, ಕೀಲಿ ಕೊಟ್ಟು, ಅಂಗೈ ಮೇಲಿಟ್ಟುಕೊಂಡು ಗಾಲಿ ತಿರುಗುತ್ತದೆಯೇ ಎಂದು ನೋಡಿದಿರಿ. ತಿರುಗಿತು. ಆಮೇಲೆ ಸೆರಗಿನಿಂದ ರಕ್ತ ಒರೆಸಿಕೊಂಡಿರಿ.

ನಾನು ಓಡಿ ಬರಲಿಲ್ಲ, ಅತ್ತೆ. ಈ ಕಾಗದದಲ್ಲಿ ಬರೆಯಲು ಅತ್ಯಂತ ಕಷ್ಟವಾದ ಮಾತು ಇದು. ರಸ್ತೆ ದಾಟಿ ಬಂದರೆ ನಿಮ್ಮ ಮುಖ ನೋಡಿದ ಕೂಡಲೇ ನನ್ನ ಬಾಯಿಂದ ಎಲ್ಲ ಬಂದುಬಿಡುತ್ತಿತ್ತು. ಹೆದರಿ ಹಿಂದಿನ ಓಣಿಯಿಂದ ಮನೆಗೆ ಓಡಿದೆ, ಟೀಗೆ ನೀರಿಟ್ಟೆ. ನೀವು ಹತ್ತು ನಿಮಿಷ ತಡವಾಗಿ ಬಂದು, ‘ಸೀಟು ಸಿಕ್ತಮ್ಮ, ಆರಾಮಾಗಿ ಬಂದೆ’ ಎಂದಿರಿ. ನಾನು ರೈಲು ನೋಡಿ ಎಷ್ಟು ಚೆನ್ನಾಗಿದೆ ಎಂದೆ. ಒಬ್ಬರಿಗಿಂತ ಒಬ್ಬರು ಜೋರು ನಾವು. ನೀವು ಹೋದ ಮೇಲೆ ಆ ರೈಲನ್ನು ನನ್ನಿಂದ ನೋಡಲಾಗಲಿಲ್ಲ. ಎಪ್ಪತ್ತೊಂದು ವರ್ಷದ ನಿಮ್ಮ ಮೊಣಕಾಲು, ನನಗೆ ಬೇಡದ ರೈಲು. ನನ್ನನ್ನು ಕ್ಷಮಿಸಿ.

ಇಷ್ಟರಲ್ಲಿ ಒಂದು ಕೆಲಸ ಮಾಡಿದ್ದೇನೆ. ನಮ್ಮ ಕ್ಲಿನಿಕ್ಕಿಗೆ ಬರುವ ಮಕ್ಕಳು ಕುರ್ಚಿ ಹತ್ತುವ ಮೊದಲೇ ಊರು ಒಂದಾಗುವಂತೆ ಅಳುತ್ತಾರೆ. ಡಾಕ್ಟರಮ್ಮ ಕಾಯುವ ಕೋಣೆಯಲ್ಲಿ ಮಕ್ಕಳ ಎತ್ತರಕ್ಕೆ ನಾಲ್ಕು ಸಾಲು ಹಲಗೆ ಹೊಡೆಸಿದ್ದಾರೆ. ಬಾಗಿಲಿಲ್ಲ, ಗಾಜಿಲ್ಲ. ಹನ್ನೊಂದನ್ನು ನಾನಿಟ್ಟುಕೊಂಡು ಉಳಿದವನ್ನು ಅಲ್ಲಿಗೆ ಕೊಡುತ್ತೇನೆ, ನೀವು ಒಪ್ಪಿದರೆ ಮಾತ್ರ. ಮೊನ್ನೆ ಹತ್ತನ್ನು ಪರೀಕ್ಷೆಗೆಂದು ಒಯ್ದಿದ್ದೆ. ಒಬ್ಬಳು ಪುಟಾಣಿ ಕರಡಿಯನ್ನು ಬಿಡದೆ, ಅದರ ಹಲ್ಲನ್ನು ಮೊದಲು ನೋಡಿ ಎಂದು ಹಟ ಹಿಡಿದಳು. ಡಾಕ್ಟರಮ್ಮ ನೋಡಿದರು.

ಇನ್ನು ಸಂಗ್ರಹವಿಲ್ಲ. ನೀವು ಬನ್ನಿ. ಎರಡನೇ ಭಾನುವಾರವೇ ಆಗಬೇಕೆಂದಿಲ್ಲ, ಬುಧವಾರ ಬನ್ನಿ, ಹೇಳದೆ ಬನ್ನಿ. ಕೈಯಲ್ಲಿ ಏನೂ ಇರಬಾರದು. ಮಾತಾಡಲು ಏನಿರುತ್ತದೆ ಎಂದು ಅಂದುಕೊಳ್ಳಬೇಡಿ. ಇಪ್ಪತ್ತಮೂರು ವರ್ಷ ಕಪ್ಪೆ ಕರಡಿಯ ಸುದ್ದಿಯಲ್ಲೇ ಕಳೆದೆವು, ನಮ್ಮದು ಹಾಗೇ ಉಳಿದಿದೆ.

ಇಂತಿ,
ನಿಮ್ಮ ಸುಳ್ಳುಬುರುಕಿ ಸೊಸೆ

ಮತ್ತೆ: ಭಾನುವಾರ, ಬೆಳಗ್ಗೆ ಏಳೂಕಾಲು. ಎದ್ದು ಲಕೋಟೆ ನೋಡಿದಾಗ ಬುದ್ಧಿ ಬಂತು. ಸೋಮವಾರ ಅಂಚೆಗೆ ಹಾಕಿದರೆ ನಿಮಗೆ ತಲುಪುವುದು ಬುಧವಾರ. ಅಷ್ಟರಲ್ಲಿ ಇವತ್ತಿನ ಸಂತೆ, ಇನ್ನೊಂದು ಬಸ್ಸು, ಇನ್ನೊಂದು ಮೆಟ್ಟಿಲು. ಅದಕ್ಕೇ ನಾನೇ ತಂದೆ. ಇಷ್ಟು ವರ್ಷದಲ್ಲಿ ನಿಮ್ಮ ಮನೆಗೆ ನಿಮ್ಮ ಮಗನ ಬೆನ್ನ ಹಿಂದೆ ಬಂದಿದ್ದೇನೆಯೇ ಹೊರತು ಒಬ್ಬಳೇ ಬಂದದ್ದಿಲ್ಲ. ಬೆಲ್ ಒತ್ತಿದರೆ ನಿಮಗೆ ಕೇಳಿಸುವುದಿಲ್ಲ, ಹಾಗಾಗಿ ಇದನ್ನು ಬಾಗಿಲ ಕೆಳಗೆ ತಳ್ಳುತ್ತಿದ್ದೇನೆ. ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೇನೆ. ಒಂದು ಹೂವು, ಒಂದು ಹಣ್ಣು ಕೂಡ ತಂದಿಲ್ಲ. ಓದಿ ಮುಗಿದ ಮೇಲೆ ಬಾಗಿಲು ತೆಗೆಯಿರಿ ಅತ್ತೆ, ನಾನಿನ್ನೂ ತಿಂಡಿ ತಿಂದಿಲ್ಲ.